ಸಣ್ಣಪುಟ್ಟ

ಹಾಸನದ ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಕೂತು ಕರಾರು ಪತ್ರ ಟೈಪ್ ಮಾಡಿಕೊಡುವುದು ನನ್ನ ಕಸುಬು. ಹದಿನೆಂಟು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ‘ಸಣ್ಣಪುಟ್ಟ’ ಎಂಬ ಪದವನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಗೊತ್ತಿಲ್ಲ. ಹಾಗೆಂದರೇನು ಎಂದು ಯಾರೂ ಕೇಳಿರಲಿಲ್ಲ. ಈ ಸೋಮವಾರ ಒಬ್ಬ ಹೆಣ್ಣುಮಗಳು ಕೇಳಿದಳು. ನಾನು ಪ್ರಿಂಟರಿನಲ್ಲಿ ಸಿಕ್ಕಿಕೊಂಡೇ ಇರದ ಕಾಗದವನ್ನು ಬಿಡಿಸುವವನಂತೆ ಆ ಕಡೆ ತಿರುಗಿಕೊಂಡೆ.

ಬಂದವರು ಮೂವರು. ಲಾರಿಯ ಮಾಲೀಕರು, ಅವರಿಂದ ಲಾರಿಯನ್ನು ಲೀಸಿಗೆ ಪಡೆದ ಚಾಲಕ, ಚಾಲಕನ ಹೆಂಡತಿ. ಮಾಲೀಕರಿಗೆ ಏಳು ಲಾರಿಗಳು, ಸ್ವಂತದೊಂದು ಟ್ರಾನ್ಸ್‌ಪೋರ್ಟ್ ಕಚೇರಿ. ಲೋಡು ಕೊಡುವವರೂ ಅವರೇ, ಪಾರ್ಟಿಯಿಂದ ಬಾಡಿಗೆ ವಸೂಲು ಮಾಡುವವರೂ ಅವರೇ. ಚಾಲಕ ಆಲೂರು ಕಡೆಯವನು, ಅವರ ಬಳಿ ಒಂಬತ್ತು ವರ್ಷ ಸಂಬಳಕ್ಕಿದ್ದವನು. ಕಳೆದ ದೀಪಾವಳಿಯಾದ ಮರುವಾರ, ‘ಎಷ್ಟು ದಿನ ಬಾಟಾ ಭತ್ಯೆ ಎಣಿಸಿಕೊಂಡಿರುತ್ತೀಯ, ನೀನೂ ಮಾಲೀಕನಂತೆ ಬದುಕು’ ಎಂದು ಹೇಳಿ, ಹತ್ತು ಚಕ್ರದ ಹಳೆಯ ಲಾರಿಯೊಂದನ್ನು ಅವನಿಗೆ ಲೀಸಿಗೆ ಬಿಟ್ಟರು. ತಿಂಗಳಿಗೆ 60 ಸಾವಿರ, ಒಂದೂವರೆ ಲಕ್ಷ ಠೇವಣಿ. ಅಂದು ನನ್ನ ಅಂಗಡಿಗೆ ಅರ್ಧ ಕಿಲೊ ಮೈಸೂರು ಪಾಕು ಬಂದಿತ್ತು. ಠೇವಣಿಗೆಂದು ಆಕೆಯ ಬಳೆಗಳು ಬ್ಯಾಂಕು ಸೇರಿದ್ದು ನನಗೆ ತಿಳಿದದ್ದು ಈ ಸೋಮವಾರವೇ.

ಜಗಳ ಬ್ರೇಕಿನದು. ಎರಡು ವಾರದ ಹಿಂದೆ ಕಾಫಿ ಹಸನು ಮಾಡುವ ಇಲ್ಲಿಯದೇ ಒಂದು ಕ್ಯೂರಿಂಗ್ ವರ್ಕ್ಸ್‌ನಿಂದ 60 ಕಿಲೊ ತೂಕದ 300 ಚೀಲ ಕಾಫಿಬೀಜ, ಅಂದರೆ 18 ಟನ್, ಹೇರಿಕೊಂಡು ಅವನು ಮಂಗಳೂರಿಗೆ ಹೊರಟಿದ್ದ. ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುವಾಗ ರಾತ್ರಿ, ಮಳೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ತುಂಬಿದ ಲಾರಿಯನ್ನು ಬ್ರೇಕು ತುಳಿದೇ ಇಳಿಸುತ್ತೇನೆ ಎನ್ನುವವನು ಚಾಲಕನೇ ಅಲ್ಲವಂತೆ. ಕಡಿಮೆ ಗೇರಿನಲ್ಲಿಟ್ಟರೆ ಇಂಜಿನ್ನೇ ಲಾರಿಯನ್ನು ಹಿಡಿದು ಇಳಿಸುತ್ತದೆ. ಹಾಗೆ ಇಳಿಸುತ್ತಿದ್ದರೂ ಬ್ರೇಕಿನ ಲೈನರ್ ಸುಟ್ಟ ವಾಸನೆ ಬಂತು, ಹಿಂದಿನ ಚಕ್ರದಿಂದ ಹೊಗೆ ಎದ್ದಿತು. ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಮಾಲೀಕರಿಗೆ ಫೋನ್ ಮಾಡಿದ. ಬೆಳಗಾಗುವುದರೊಳಗೆ ಬಂದರು ಸೇರಬೇಕು, ತಣ್ಣಗಾದ ಮೇಲೆ ಮೆಲ್ಲಗೆ ಹೊರಡು ಎಂದರಂತೆ. ಇವನು ಹೊರಡಲಿಲ್ಲ. ಮರುದಿನ ಮೇಸ್ತ್ರಿ ಬಂದು ಚಕ್ರ ಬಿಚ್ಚಿದಾಗ ಎರಡು ಡ್ರಮ್ಮುಗಳು ಬಿರುಕು ಬಿಟ್ಟಿದ್ದವು, ಲೈನರುಗಳು ರಿವಿಟ್ಟಿನವರೆಗೆ ಸವೆದಿದ್ದವು. ಬಿಲ್ಲು 41,300 ರೂಪಾಯಿ. ಲಾರಿ ಐದು ದಿನ ನಿಂತಿತು. ಕಾಫಿಯನ್ನು ಬೇರೆ ಲಾರಿಗೆ ದಾಟಿಸಿದ ಹಮಾಲಿ ಕೂಲಿ ಬೇರೆ.

ಮಾಲೀಕರು ಕರಾರನ್ನು ನನ್ನ ಮುಂದೆ ಬಿಡಿಸಿ ಏಳನೇ ಕಲಮಿನ ಮೇಲೆ ಬೆರಳಿಟ್ಟರು. ‘ಸಣ್ಣಪುಟ್ಟ ರಿಪೇರಿಗಳನ್ನು ಎರಡನೇ ಪಾರ್ಟಿಯವರು ಸ್ವಂತ ಖರ್ಚಿನಿಂದ ಮಾಡಿಸಿಕೊಳ್ಳತಕ್ಕದ್ದು.’

‘ಓದಿ ಹೇಳಿ ಇವರಿಗೆ. ಇಂಜಿನ್ ಬಿಚ್ಚಿದ್ದರೆ ನಾನು ಕೊಡುತ್ತಿದ್ದೆ. ಬ್ರೇಕು ಸಣ್ಣಪುಟ್ಟದ್ದು ತಾನೇ? ಅದೂ ಇವನೇ ಬಿಸಿ ಡ್ರಮ್ಮಿನ ಮೇಲೆ ನೀರು ಹುಯ್ದು ಒಡೆದಿದ್ದಾನೆ.’

‘ನಾನು ಹುಯ್ಯಲಿಲ್ಲ ಅಣ್ಣ, ಮಳೆ ಹುಯ್ಯಿತು’ ಎಂದ ಚಾಲಕ. ಅವನು ಆ ದಿನ ಆಡಿದ ಅತಿ ಉದ್ದದ ಮಾತು ಅದು.

ಆಗ ಆಕೆ ಬಟ್ಟೆ ಅಂಗಡಿಯ ಚೀಲವೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಎಂಟು ತಿಂಗಳ ಬಿಲ್ಲುಗಳು, ತಿಂಗಳಿಗೊಂದು ಕಟ್ಟು, ಹೂವಿನ ದಾರ ಸುತ್ತಿದ್ದು. ಪಂಕ್ಚರು, ಫಿಲ್ಟರು, ಹೆಡ್‌ಲೈಟು, ಸ್ಪ್ರಿಂಗ್ ಪ್ಲೇಟು, ಎರಡು ರೀಸೋಲ್ ಟೈರು, ಕ್ಯಾಬಿನ್ನಿಗೆ ಹಾಕಿಸಿದ ಒಂದು ಪುಟ್ಟ ಫ್ಯಾನು. ಗ್ಯಾರೇಜಿನವರ ಬಿಲ್ಲುಗಳಲ್ಲಿ ಅಕ್ಷರಕ್ಕಿಂತ ಎಣ್ಣೆಯೇ ಹೆಚ್ಚಿರುತ್ತದೆ. ಆಕೆ ಪ್ರತಿಯೊಂದರ ಹಿಂದೆಯೂ ದುಂಡಗೆ ಮೊತ್ತ ಬರೆದುಕೊಂಡಿದ್ದಳು. ಮೊನ್ನೆಯದು ಬಿಟ್ಟು 1,12,650.

‘ಇಷ್ಟನ್ನೂ ಸಣ್ಣಪುಟ್ಟ ಎಂದುಕೊಂಡೇ ನಾವು ಕೊಟ್ಟಿದ್ದೇವೆ. ನೀವೇ ಬರೆದದ್ದಲ್ಲವೇ ಅಣ್ಣ, ನೀವೇ ಹೇಳಿ. ಸಣ್ಣಪುಟ್ಟ ಎಂದರೆ ಎಷ್ಟು? ಸಾವಿರವೋ, ಹತ್ತು ಸಾವಿರವೋ, ನಲವತ್ತು ಸಾವಿರವೋ?’

ನಾನು ಪ್ರಿಂಟರಿನ ಕಡೆ ತಿರುಗಿದ್ದು ಆಗ.

ನಿಜ ಹೇಳಿಬಿಡುತ್ತೇನೆ. ಆ ಕರಾರು ಲಾರಿಯದಲ್ಲ, ಮನೆ ಬಾಡಿಗೆಯದು. ಅಂದು ಅವಸರವಿತ್ತು, ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ನನ್ನ ಬಳಿ ಲಾರಿ ಲೀಸಿನ ಮಾದರಿ ಇರಲಿಲ್ಲ. ಬಾಡಿಗೆ ಕರಾರನ್ನು ತೆರೆದು, ‘ಮನೆ’ ಎಂದಿದ್ದಲ್ಲೆಲ್ಲ ‘ಲಾರಿ’ ಎಂದು ಬದಲಿಸುವಂತೆ ಕಂಪ್ಯೂಟರಿಗೆ ಹೇಳಿದೆ. ಅದು ಒಂದೇ ಏಟಿಗೆ ಬದಲಿಸಿಕೊಟ್ಟಿತು. ಸೋಮವಾರ ಅದನ್ನು ಮೊದಲಿನಿಂದ ಓದಿದಾಗ ಕಿವಿ ಬಿಸಿಯಾಯಿತು. ಒಂಬತ್ತನೇ ಕಲಮಿನ ಪ್ರಕಾರ ಎರಡನೇ ಪಾರ್ಟಿಯವರು ಲಾರಿಯನ್ನು ಖಾಲಿ ಮಾಡುವಾಗ ಸುಣ್ಣಬಣ್ಣ ಮಾಡಿಸಿಕೊಡತಕ್ಕದ್ದು. ಹತ್ತರ ಪ್ರಕಾರ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ನಡೆದುಕೊಳ್ಳತಕ್ಕದ್ದು. ಮೂವರೂ ಇದಕ್ಕೆ ಸಹಿ ಹಾಕಿದ್ದರು, ನಾನು ಸಾಕ್ಷಿ ಹಾಕಿದ್ದೆ. ಮನೆಯ ಕರಾರಿನಲ್ಲಿ ಸಣ್ಣಪುಟ್ಟ ಎಂದರೆ ಸೋರುವ ನಲ್ಲಿ, ಸುಟ್ಟ ಬಲ್ಬು, ಬಾಗಿಲ ಚಿಲಕ. ಯಾರೂ ಅದಕ್ಕೆ ಜಗಳವಾಡುವುದಿಲ್ಲ. ಮನೆ ಶಿರಾಡಿ ಇಳಿಯುವುದಿಲ್ಲವಲ್ಲ.

ಮಾಲೀಕರು ಕೆಟ್ಟವರಲ್ಲ. ಇದನ್ನು ಯಾರೂ ಕೇಳಿಲ್ಲವಾದರೂ ಹೇಳುತ್ತೇನೆ. ಅವರೂ ಕ್ಲೀನರ್ ಆಗಿ ಶುರುಮಾಡಿದವರು, ಬಿತ್ತನೆ ಆಲೂಗಡ್ಡೆ ತರಲು ಜಲಂಧರಕ್ಕೆ ಹೋಗಿ ಬರುತ್ತಿದ್ದ ಕಾಲದ ಕಥೆಯನ್ನು ಚೆನ್ನಾಗಿ ಹೇಳುತ್ತಾರೆ. ಏಳು ಲಾರಿಗಳಲ್ಲಿ ನಾಲ್ಕಕ್ಕೆ ಸಾಲದ ಕಂತು ಇನ್ನೂ ಇದೆ. ಆದರೆ ಅವರ ಕಷ್ಟವೆಲ್ಲ ಕಥೆಯಾಗಿ ಮಾಗಿಬಿಟ್ಟಿದೆ. ಎದುರಿಗಿರುವವನ ಕಷ್ಟ ಇನ್ನೂ ಹಸಿಯಾಗಿರುವುದು ಅವರಿಗೆ ಕಾಣುವುದಿಲ್ಲ. ಫ್ಯಾನಿನ ಬಿಲ್ಲು ನೋಡಿ, ‘ನಮ್ಮ ಕಾಲದಲ್ಲಿ ಫ್ಯಾನೇ? ನಾನು ಹಾಕಿಸು ಎಂದೆನೇ?’ ಎಂದು ನಕ್ಕರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿನಲ್ಲಿ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹಳೆಯ ಲಾರಿಯವನಿಗೆ ಕರಾವಳಿಯ ಸೆಕೆಯಲ್ಲಿ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಲು 1,150 ರೂಪಾಯಿಯ ಫ್ಯಾನು, ಅದೂ ಸ್ವಂತ ಖರ್ಚಿನ ಸಣ್ಣಪುಟ್ಟ.

ಚಾಲಕನ ಮೇಲೂ ನನಗೆ ಸಿಟ್ಟು ಬಂತು. ಹೆಂಡತಿ ಅಷ್ಟು ಮಾತಾಡುತ್ತಿದ್ದಾಗ ಅವನು ಹೆಬ್ಬೆರಳಿನ ಗ್ರೀಸ್ ಕೆರೆಯುತ್ತ ಕೂತಿದ್ದ. ಒಂಬತ್ತು ವರ್ಷ ಒಬ್ಬರ ಅನ್ನ ತಿಂದವನಿಗೆ ಅವರ ಎದುರು ಲೆಕ್ಕ ಕೇಳುವುದು ಕಷ್ಟವಿರಬಹುದು. ಆದರೂ ಶಿರಾಡಿಯ ಕತ್ತಲಲ್ಲಿ ‘ಹೊರಡುವುದಿಲ್ಲ’ ಎಂದವನು ಇವನೇ ಎಂದು ನಂಬುವುದು ನನಗೆ ಕಷ್ಟವಾಯಿತು.

ಈ ನಡುವೆ ಮಾಲೀಕರಿಗೆ ಫೋನ್ ಬಂತು. ಯಾರೋ ಲೋಡಿಗೆ ಲಾರಿ ಕೇಳುತ್ತಿದ್ದರು. ‘ಗಾಡಿ ಅವನದು, ಅವನೇ ನೋಡಿಕೊಳ್ಳಬೇಕು’ ಎಂದು ನನಗೆ ಹೇಳುತ್ತಿದ್ದವರು ಮಾತು ಅರ್ಧಕ್ಕೆ ನಿಲ್ಲಿಸಿ, ‘ಇದೆ ಇದೆ, ನನ್ನದೊಂದು ಗಾಡಿ ನಾಳೆ ಖಾಲಿ ಇದೆ, ಬೆಳಗ್ಗೆಯೇ ಕಳಿಸುತ್ತೇನೆ’ ಎಂದರು. ಫೋನ್ ಜೇಬಿಗಿಟ್ಟು, ‘ಏನು ಹೇಳುತ್ತಿದ್ದೆ? ಹಾಂ, ಗಾಡಿ ಅವನದು’ ಎಂದು ಮುಂದುವರಿಸಿದರು. ಎರಡೂ ಒಂದೇ ಗಾಡಿ. ಮೋಸ ಮಾಡುವವರ ಮುಖ ಅದಾಗಿರಲಿಲ್ಲ. ಅವರ ಮಟ್ಟಿಗೆ ಎರಡೂ ನಿಜ. ಖರ್ಚಿಗೆ ನಿಂತಾಗ ಅದು ಅವನದು, ಓಡುವಾಗ ಇವರದು. ಆಕೆ ನನ್ನ ಮುಖವನ್ನೇ ನೋಡಿದಳು; ಕೇಳಿಸಿತೇ ಎನ್ನುವಂತೆ. ಕೇಳಿಸಿತ್ತು. ನಾನು ಏನೂ ಹೇಳಲಿಲ್ಲ.

ಅವತ್ತು ರಾತ್ರಿ 1988ರ ಮೋಟಾರು ವಾಹನ ಕಾಯ್ದೆಯನ್ನು ತೆಗೆದು ಕೂತೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಎರಡನೇ ಕಲಮಿನಲ್ಲೇ ಇದೆ: ಲೀಸ್ ಕರಾರಿಗೆ ಒಳಪಟ್ಟ ವಾಹನವಾದರೆ, ಆ ಕರಾರಿನಂತೆ ಅದು ಯಾರ ವಶದಲ್ಲಿದೆಯೋ ಅವರೇ ‘ಮಾಲೀಕ’. ಎಂದರೆ ದೀಪಾವಳಿಯ ಮರುವಾರ ಮಾಲೀಕರು ಹೇಳಿದ ಮಾತು ಬರೀ ಉಪಚಾರವಾಗಿರಲಿಲ್ಲ. 190ನೇ ಕಲಮು ಮಾತ್ರ ಇಬ್ಬರನ್ನೂ ಹಿಡಿಯುತ್ತದೆ. ದೋಷವಿದೆ ಎಂದು ಗೊತ್ತಿದ್ದೂ ವಾಹನ ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ತಪ್ಪಿತಸ್ಥ. ‘ತಣ್ಣಗಾದ ಮೇಲೆ ಮೆಲ್ಲಗೆ ಹೊರಡು’ ಎಂಬ ಮಾತು ಮತ್ತೆ ಕಿವಿಯಲ್ಲಿ ಗುಂಯ್‌ಗುಟ್ಟಿತು.

ನಿದ್ದೆ ಕೆಡಿಸಿದ್ದು ಇನ್ನೊಂದು ಕಾಯ್ದೆ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು 1961ರಲ್ಲೇ ಬರೆದಿದ್ದರು. ದೂರದ ದಾರಿಗೆ ಸ್ವಲ್ಪ ಸಡಿಲಿಕೆಯಿತ್ತು. ನಮ್ಮ ಕಡೆ ಯಾವ ಲಾರಿಯಲ್ಲಿ ಅದು ನಡೆಯುತ್ತಿತ್ತೋ ನಾನು ಕಂಡಿಲ್ಲ, ಆದರೂ ಕಾಗದದ ಮೇಲಾದರೂ ಇತ್ತು. ಸಂಬಳಕ್ಕಿದ್ದಾಗ ಅವನು ಕಾರ್ಮಿಕ. ಮೈಸೂರು ಪಾಕು ತಿಂದು ನಾನು ಪ್ರಿಂಟ್ ಒತ್ತಿದ ಮೇಲೆ ಅವನು ಎರಡನೇ ಪಾರ್ಟಿ. ಎರಡನೇ ಪಾರ್ಟಿ ಎಷ್ಟು ಗಂಟೆ ಮಲಗಬೇಕು ಎಂದು ಯಾರು ಕೇಳಬೇಕು? 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದಾಗ ಅವನು ರಸ್ತೆಯಲ್ಲೇ ಸಿಕ್ಕಿಕೊಂಡಿದ್ದನಂತೆ. ಆಗ ದಿನಕ್ಕಿಷ್ಟು ಬಾಟಾ ಸಿಕ್ಕಿತ್ತು. ಈ ಮಳೆಗಾಲದಲ್ಲಿ ಹಾಗಾದರೆ ಲಾರಿ ನಿಂತ ದಿನಕ್ಕೆ ಎರಡು ಸಾವಿರ ರೂಪಾಯಿಯಂತೆ ಅವನೇ ಮಾಲೀಕರಿಗೆ ಕೊಡಬೇಕು. ಬ್ರೇಕಿನ ಐದು ದಿನಕ್ಕೆ ಹತ್ತು ಸಾವಿರ ಆಗಲೇ ಹೋಗಿದೆ. ಅದು 41,300ರೊಳಗೆ ಸೇರಿಲ್ಲ.

ಸೋಮವಾರದ ಪಂಚಾಯಿತಿ ಹೇಗೆ ಮುಗಿಯಿತು ಎಂದರೆ, ಮುಗಿಯಲಿಲ್ಲ. ಮಾಲೀಕರು ಅರ್ಧ ಕೊಡುತ್ತೇನೆ ಎಂದರು, ಉಳಿದರ್ಧವನ್ನು ಠೇವಣಿಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದರು. ಚಾಲಕ ತಲೆಯಾಡಿಸಿದ. ಆಕೆ ಆಡಿಸಲಿಲ್ಲ. ಲಾರಿ ತೆಗೆದುಕೊಂಡಾಗಲೇ ಲೈನರ್ ಎಷ್ಟು ಸವೆದಿತ್ತು ಎಂದು ಬರೆದುಕೊಳ್ಳಬೇಕಿತ್ತಲ್ಲವೇ ಎಂದು ಕೇಳಿದಳು. ಯಾರನ್ನು ಕೇಳಿದಳೋ, ಗಂಡನನ್ನೋ ನನ್ನನ್ನೋ. ಮನೆಯ ಕರಾರಿನಲ್ಲಾದರೆ ನಾನು ಫ್ಯಾನು ಎಷ್ಟು, ಟ್ಯೂಬ್‌ಲೈಟು ಎಷ್ಟು ಎಂದು ಪಟ್ಟಿ ಹಾಕುತ್ತೇನೆ. ಲಾರಿಗೆ ಬದಲಿಸುವಾಗ ಆ ಪಟ್ಟಿಯನ್ನು ಅಳಿಸಿಹಾಕಿದ್ದೆ, ಬೇಕಾಗುವುದಿಲ್ಲವೆಂದು.

ಶುಕ್ರವಾರ ಸಂಜೆ ಆಕೆ ಒಬ್ಬಳೇ ಬಂದಳು. ಬಿಲ್ಲುಗಳೆಲ್ಲದರ ಜೆರಾಕ್ಸ್ ಬೇಕು, ಕರಾರಿನದೂ ಬೇಕು, ವಕೀಲರು ಕೇಳಿದ್ದಾರೆ ಎಂದಳು. ಎಣ್ಣೆಯ ಕಲೆ ಬಿದ್ದ ಬಿಲ್ಲುಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿ ತೆಗೆದುಕೊಟ್ಟೆ. ಹದಿನಾಲ್ಕು ಹಾಳೆಯಾಯಿತು. ಸುಮ್ಮನಿರಲಾರದೆ, ನಿಮ್ಮ ಯಜಮಾನರು ಎಲ್ಲಿ ಎಂದೆ.

‘ಲೋಡು ತೆಗೆದುಕೊಂಡು ಮಂಗಳೂರಿಗೆ ಹೋಗಿದ್ದಾರೆ ಅಣ್ಣ. ನಿಲ್ಲಿಸಿದರೆ ದಿನಕ್ಕೆ ಎರಡು ಸಾವಿರವಲ್ಲವೇ?’

‘ಬ್ರೇಕು ಎಲ್ಲ ಸರಿಹೋಯಿತೇ?’

‘ಹಿಂದಿನದು ಆಯಿತು. ಮುಂದಿನ ಲೈನರ್ ಕೂಡ ಬದಲಿಸಬೇಕೆಂದು ಮೇಸ್ತ್ರಿ ಹೇಳಿದ್ದಾರೆ. ಸಾಹುಕಾರರನ್ನು ಕೇಳಿದರೆ ಅದು ಸಣ್ಣಪುಟ್ಟದ್ದಂತೆ.’

ಹೊರಗೆ ಮಳೆ ಜೋರಾಗಿತ್ತು. ಹಾಸನದಲ್ಲೇ ಇಷ್ಟಿದ್ದರೆ ಸಕಲೇಶಪುರದಿಂದಾಚೆ ಎಷ್ಟಿರಬೇಕು ಎಂದುಕೊಂಡೆ, ಆಡಲಿಲ್ಲ. ಆಕೆ ಜೆರಾಕ್ಸಿಗೆ ಎಷ್ಟಾಯಿತು ಎಂದು ಕೇಳಿದಳು. ಬೇಡ, ಇರಲಿ ಬಿಡಮ್ಮ ಎಂದೆ.

ಗೋಡೆಯ ಮೇಲಿನ ಬೋರ್ಡು ನೋಡಿದಳು. ಹಾಳೆಗೆ 2 ರೂಪಾಯಿ. ಮೂವತ್ತು ರೂಪಾಯಿ ಮೇಜಿನ ಮೇಲಿಟ್ಟು, ಎರಡು ರೂಪಾಯಿ ಚಿಲ್ಲರೆಗೆ ಕೈಚಾಚಿ ನಿಂತಳು.