ತೇಗದ ವಾಸನೆ

ಚಿಕ್ಕಮಗಳೂರಿನ ನಮ್ಮ ಹಳೇ ಮನೆ ಬಾಗಿಲು ಮಳೆಗಾಲ ಬಂತೆಂದರೆ ಹಿಡಿದುಕೊಳ್ಳುತ್ತೆ. ಇವತ್ತು ಆಚಾರ್ರು ಬಂದು ಉಜ್ಜುಗೊರಡು ಆಡಿಸಿದರು. ಮೇಲೆಲ್ಲ ಕಪ್ಪು, ಎರಡೇ ಎಳೆತಕ್ಕೆ ಒಳಗಿಂದ ಜೇನಿನ ಬಣ್ಣ. ಎಣ್ಣೆ ಎಣ್ಣೆ ವಾಸನೆ ಬೇರೆ.

"ತೇಗ ಸ್ವಾಮಿ, ನೂರು ವರ್ಷ ಏನೂ ಆಗಲ್ಲ" ಅಂದರು.

ನೂರೇನು ಬಂತು! ನನಗೆ ಟ್ರಿಂಕೋಮಲಿ ನೆನಪಾಯಿತು. ಬ್ರಿಟಿಷ್ ನೌಕಾಪಡೆಗೆ ಅಂತ ಮುಂಬೈಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ಹಾಯಿಹಡಗು. ಮೊದಲು ಕಳಿಸಿದ ನಕ್ಷೆ ಜಾವಾ ಅನ್ನೋ ಹಡಗಿನಲ್ಲಿತ್ತು. 1812ರಲ್ಲಿ ಅಮೆರಿಕದವರು ಆ ಹಡಗನ್ನೇ ಸೋಲಿಸಿದರು, ನಕ್ಷೆಯೂ ಹೋಯಿತು. ಇನ್ನೊಂದು ಬಂದು, ಹಡಗು ನೀರಿಗಿಳಿದಾಗ 1817. ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಾ ನಿಂತಿದೆ.

ಆಚಾರ್ರಿಗೆ ಫೋಟೊ ತೋರಿಸಿದೆ. ಹಾಯಿಕಂಬ ಗಿಂಬ ಅವರಿಗೆ ಬೇಡ. ಹಲಗೆ ಕೂಡಿಸಿರೋ ಜಾಗ ದೊಡ್ಡದು ಮಾಡಿ ನೋಡುತ್ತಲೇ ಇದ್ದರು. ಕಾಫಿ ಆರಿಹೋಯಿತು.