43ನೆಯ ವಯಸ್ಸಿನಲ್ಲಿ ಗೊತ್ತಾಗಿ ಏನು ಉಪಯೋಗ?

ನಾನು ಆಟಿಸ್ಟಿಕ್, ಅಂದರೆ ಸದ್ದು, ಬೆಳಕು, ಜನರ ಒಡನಾಟಗಳನ್ನು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಗ್ರಹಿಸುವವಳು, ಎಂದು ತಿಳಿದವರು ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಇದೇ. ಮುಂಬಯಿಯ ಮಾಟುಂಗದಲ್ಲಿ ಎದುರಾಗುವ ನಮ್ಮೂರಿನವರು, ಡೊಂಬಿವಲಿಯ ನಮ್ಮ ಕಟ್ಟಡದ ನೆರೆಯವರು, ಕಚೇರಿಯ ಗೆಳತಿಯರು, ಕೊನೆಗೆ ನನ್ನ ತಮ್ಮನ ಹೆಂಡತಿ ಕೂಡ ಒಂದಲ್ಲ ಒಂದು ಬಗೆಯಲ್ಲಿ ಇದನ್ನೇ ಕೇಳಿದ್ದಾರೆ. "ಕೆಲಸಕ್ಕೆ ಹೋಗುತ್ತೀರಿ, ಮನೆ ನಡೆಸುತ್ತೀರಿ, ಎಲ್ಲರೊಡನೆ ಮಾತಾಡುತ್ತೀರಿ. ಚಿಕ್ಕಂದಿನಲ್ಲೇ ತಿಳಿದಿದ್ದರೆ ಏನಾದರೂ ಮಾಡಬಹುದಿತ್ತು. 43ನೆಯ ವಯಸ್ಸಿನಲ್ಲಿ ಗೊತ್ತಾಗಿ ಏನು ಉಪಯೋಗ?" ಹೀಗೆ ಕೇಳುವವರಲ್ಲಿ ಹೆಚ್ಚಿನವರದು ಅಕ್ಕರೆಯೇ, ನಾನು ಮತ್ತೊಂದು ಹಣೆಪಟ್ಟಿ ಅಂಟಿಸಿಕೊಂಡು ಸೊರಗಬಾರದು ಎಂಬ ಕಾಳಜಿ ಅವರ ಮಾತಿನಲ್ಲಿರುತ್ತದೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸಲಾಗದ ಉತ್ತರವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ಗೊತ್ತಾಗಿದ್ದರಿಂದ ಆದ ಲಾಭವನ್ನು ಹೇಳುವ ಮೊದಲು, ಗೊತ್ತಿಲ್ಲದೆ ಆದ ನಷ್ಟವನ್ನು ಹೇಳಬೇಕಾಗುತ್ತದೆ. 1998ರಲ್ಲಿ, ನನಗೆ 19 ವರ್ಷವಾಗಿದ್ದಾಗ, ಕಾಲೇಜಿನ ಉತ್ಸವ ಮುಗಿದ ಮೇಲೆ ಎರಡು ವಾರ ಹಾಸಿಗೆಯಿಂದ ಏಳಲಾಗಲಿಲ್ಲ, ಮಾತು ಹೊರಡಲಿಲ್ಲ. ವೈದ್ಯರು ಖಿನ್ನತೆ ಎಂದರು. ಐದು ವರ್ಷಗಳ ನಂತರ ಇನ್ನೊಬ್ಬರು ಅದು ಖಿನ್ನತೆಯಲ್ಲ, ಆತಂಕದ ಕಾಯಿಲೆ ಎಂದರು. 2008ರಲ್ಲಿ ಬೈಪೋಲಾರ್, ಅಂದರೆ ಉನ್ಮಾದವೂ ಖಿನ್ನತೆಯೂ ಸರದಿಯಲ್ಲಿ ಬರುವ ಕಾಯಿಲೆ, ಎಂದಾಯಿತು. 2015ರಲ್ಲಿ, ಕಚೇರಿ ಬದಲಾದ ತಿಂಗಳಲ್ಲಿ ನಾನು ಮನೆಯ ಗೋಡೆಗೆ ತಲೆ ಚಚ್ಚಿಕೊಂಡದ್ದನ್ನು ಕೇಳಿ, ಮತ್ತೊಬ್ಬ ವೈದ್ಯರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆಗಳು ಹತೋಟಿ ತಪ್ಪುವ ವ್ಯಕ್ತಿತ್ವದೋಷ) ಎಂದು ಬರೆದರು. ಕಾಯಿಲೆ ನನ್ನ ವ್ಯಕ್ತಿತ್ವಕ್ಕೇ ಬಂದಿದೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡೆ, ಮತ್ತು ಏಳು ವರ್ಷ ಹಾಗೆಯೇ ನಂಬಿ ಬದುಕಿದೆ.

ಇವುಗಳಲ್ಲಿ 2008ರದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳಗನ್ನಡದಲ್ಲಿ ೞ ಎಂಬ ಅಕ್ಷರವೊಂದಿತ್ತು. ಅದನ್ನು ರಳ ಎನ್ನುತ್ತಾರೆ. ಈಗ ನಾವು ಬಾಳು, ಏಳು ಎಂದು ಬರೆಯುವುದನ್ನು ಆಗ ಬಾೞ್, ಏೞ್ ಎಂದು ಬರೆಯುತ್ತಿದ್ದರು. ತಮಿಳರೂ ಮಲಯಾಳಿಗಳೂ ಆ ಧ್ವನಿಯನ್ನು ಉಳಿಸಿಕೊಂಡರು, ನಾವು ಕಳೆದುಕೊಂಡೆವು. ಅದು ಯಾವ ಕಾಲದಲ್ಲಿ, ಯಾವ ಸೀಮೆಯಲ್ಲಿ ಳಕಾರಕ್ಕೆ ಎಡೆ ಬಿಟ್ಟುಕೊಟ್ಟಿತು ಎಂದು ಶಾಸನಗಳಲ್ಲಿ ಹುಡುಕುವ ಆಸೆ ನನಗೆ ಹುಟ್ಟಿತು. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಪ್ರತಿಗಳನ್ನು ತಂದಿಟ್ಟುಕೊಂಡು, ಕಚೇರಿಯಿಂದ ಬಂದವಳು ರಾತ್ರಿ ಎರಡು ಗಂಟೆಯವರೆಗೆ ಶಾಸನದ ವರ್ಷ, ಊರು, ೞ ಬಂದ ಪದ, ೞ ಬರಬೇಕಾದಲ್ಲಿ ಳ ಬಂದ ಪದ ಎಂದು ನಾಲ್ಕು ಕಲಮುಗಳಲ್ಲಿ ಬರೆಯುತ್ತಿದ್ದೆ. ಮೂರು ವಾರದಲ್ಲಿ ಇನ್ನೂರು ಪುಟದ ಎರಡು ಪುಸ್ತಕಗಳು ತುಂಬಿದವು. ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯ ದಿನಗಳು ಹೆಚ್ಚಿಲ್ಲ. ನಿದ್ದೆಗೆಡುತ್ತಿದ್ದಾಳೆ ಎಂದು ಮನೆಯವರು ಗಾಬರಿಯಾಗಿ ವೈದ್ಯರ ಬಳಿ ಕರೆದೊಯ್ದರು, ಪುಸ್ತಕಗಳನ್ನೂ ತೋರಿಸಿದರು. ನಿದ್ದೆ ಕಡಿಮೆ, ಹುರುಪು ವಿಪರೀತ, ಒಂದೇ ವಿಷಯದ ಮಾತು, ಅದಕ್ಕೂ ಮೊದಲು ಖಿನ್ನತೆಯ ಚರಿತ್ರೆ: ಇವನ್ನೆಲ್ಲ ಕೂಡಿಸಿದರೆ ಉನ್ಮಾದದ ಚಿತ್ರ ಬರುವುದು ಸಹಜವೇ. ಅದಕ್ಕೆ ಲಿಥಿಯಂ ಮಾತ್ರೆ ಆರಂಭವಾಯಿತು. ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಪ್ರಮಾಣವನ್ನೂ ಮೂತ್ರಪಿಂಡ, ಥೈರಾಯ್ಡುಗಳನ್ನೂ ಆಗಾಗ ಪರೀಕ್ಷಿಸಿಕೊಳ್ಳಬೇಕು. ಬಾಯಾರಿಕೆ ಹೆಚ್ಚುತ್ತದೆ, ಕೆಲವರಿಗೆ ಕೈ ನಡುಗುತ್ತದೆ. ನನಗೆ ನಡುಗಿತು. ಶಾಸನದ ಅಕ್ಷರಗಳನ್ನು ಅವುಗಳ ರೂಪದಲ್ಲೇ ನಕಲು ಮಾಡುತ್ತಿದ್ದ ನನಗೆ ಒಂದು ನೇರ ಗೆರೆ ಎಳೆಯಲಾಗಲಿಲ್ಲ. ಮೂರನೆಯ ಪುಸ್ತಕ ಹನ್ನೊಂದನೆಯ ಪುಟಕ್ಕೆ ನಿಂತಿತು.

ಬೈಪೋಲಾರ್ ಇರುವವರಿಗೆ ಲಿಥಿಯಂ ಜೀವ ಉಳಿಸುವ ಔಷಧ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಟಿಸ್ಟಿಕ್ ಆಗಿದ್ದು ಬೈಪೋಲಾರ್ ಕೂಡ ಇರುವವರಿದ್ದಾರೆ. ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ನನ್ನ ದುಃಖ ಆ ಔಷಧದ ಬಗ್ಗೆ ಅಲ್ಲ, ನನಗಿಲ್ಲದ ಕಾಯಿಲೆಗೆ ಅದನ್ನು 14 ವರ್ಷ ನುಂಗಿದ್ದರ ಬಗ್ಗೆ.

2020ರ ಮಾರ್ಚ್‌ನಲ್ಲಿ ಮುಂಬಯಿಯ ಲೋಕಲ್ ರೈಲುಗಳು ನಿಂತವು. ನಗರವೆಲ್ಲ ಭಯದಲ್ಲಿ, ಸಂಕಟದಲ್ಲಿ ಮುಳುಗಿದ್ದ ಆ ಕಾಲದಲ್ಲಿ ನನ್ನ ಆರೋಗ್ಯ ಮಾತ್ರ ದಿನೇದಿನೇ ಸುಧಾರಿಸಿತು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸುಧಾರಿಸಿತು. ಮನೆಯಿಂದಲೇ ಕೆಲಸ, ದೀಪ ನನಗೆ ಬೇಕಾದಷ್ಟೇ, ಹಳೆಯ ಹತ್ತಿಯ ಬಟ್ಟೆ, ಹಗಲೆಲ್ಲ ಒಂದೇ ದನಿಯ ಫ್ಯಾನ್. ತಿಂಗಳಿಗೆರಡು ಬಾರಿಯಾದರೂ ಬರುತ್ತಿದ್ದ, ಏನೂ ಸಹಿಸಲಾಗದೆ ಮಲಗಿಬಿಡುವಂಥ ಕುಸಿತ ಒಂದು ವರ್ಷದಲ್ಲಿ ಎರಡೇ ಸಲ ಬಂತು. 2021ರ ಆಗಸ್ಟ್ 15ರಿಂದ ಎರಡು ಡೋಸ್ ಲಸಿಕೆ ಪಡೆದವರಿಗೆ ರೈಲು ತೆರೆಯಿತು, ಕೆಲ ದಿನಗಳಲ್ಲೇ ಕಚೇರಿಯಿಂದ ಕರೆಯೂ ಬಂತು. ಹೆಂಗಸರ ಡಬ್ಬಿಯ ನೂಕುನುಗ್ಗಲು, ಎದುರಿನ ಹಳಿಯ ರೈಲು ಹಾದುಹೋಗುವಾಗಿನ ಅಬ್ಬರ, ಕಿವಿಯೋಲೆ ಮಾರುವವಳ ಕೂಗು, ಬೆವರಿದ ತೋಳು ತೋಳಿಗೆ ತಾಗುವುದು, ಇವೆಲ್ಲ ಮೊದಲೂ ಇದ್ದವು. ಆದರೆ ಒಂದೂವರೆ ವರ್ಷದ ಬಿಡುವಿನ ನಂತರ ನನ್ನ ಹಳೆಯ ತಾಳಿಕೆ ಉಳಿದಿರಲಿಲ್ಲ. ದಾದರ್ ಬರುವಷ್ಟರಲ್ಲಿ ಕಿವಿಯೊಳಗೆ ಸೂಜಿ ಆಡಿಸಿದಂತೆ ನೋವಾಗುತ್ತಿತ್ತು. ಕಿವಿಯದೇ ರೋಗವಿರಬೇಕೆಂದು ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಹೋದೆ, ಅವರು ಶ್ರವಣ ಪರೀಕ್ಷೆಗೆ ಕಳುಹಿಸಿದರು.

ನನ್ನ ಉತ್ತರ ಆರಂಭವಾಗುವುದು ಆ ಪರೀಕ್ಷೆಯ ಕೋಣೆಯಲ್ಲಿ. ಸದ್ದು ನುಸುಳದಂತೆ ಕಟ್ಟಿದ, ದಪ್ಪ ಬಾಗಿಲಿನ, ಒಬ್ಬರು ಕೂರುವಷ್ಟೇ ಜಾಗದ ಗೂಡು ಅದು. ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ದನಿ ಕೇಳಿದಾಗಲೆಲ್ಲ ಒತ್ತಬೇಕೆಂದು ಹೇಳಿ ಬಾಗಿಲು ಹಾಕಿದರು. ಬಾಗಿಲು ಮುಚ್ಚಿದ ಕೂಡಲೇ ನನ್ನ ಹೆಗಲು ತಾನಾಗಿ ಇಳಿಯಿತು. ಹೆಗಲು ಅಷ್ಟು ಮೇಲೆ ಬಿಗಿದುಕೊಂಡಿತ್ತೆಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನನ್ನ ಕಿವಿಯಲ್ಲಿ ದೋಷವೇನೂ ಇರಲಿಲ್ಲ. ಆಮೇಲೆ ಅವರು ದನಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ, ಸಹಿಸಲಾಗದ ಕಡೆ ಕೈ ಎತ್ತಲು ಹೇಳಿದರು. ಹೆಚ್ಚಿನವರು 90 ಡೆಸಿಬೆಲ್‌ನ ಆಸುಪಾಸಿನವರೆಗೂ ಸಹಿಸುತ್ತಾರಂತೆ. ನಾನು 70ಕ್ಕೇ ಕೈ ಎತ್ತಿದೆ. ಪರೀಕ್ಷೆ ಮುಗಿದು ಬಾಗಿಲು ತೆರೆದಾಗ, ಇನ್ನು ಐದು ನಿಮಿಷ ಇಲ್ಲಿಯೇ ಕೂರಬಹುದೇ ಎಂದು ಕೇಳಿದೆ. ಪರೀಕ್ಷೆ ಮಾಡಿದ ಆ ಆಡಿಯಾಲಜಿಸ್ಟ್ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಕೂರಲು ಬಿಟ್ಟರು. ಹೊರಗೆ ಬಂದ ಮೇಲೆ ಬೆಳಕು, ಬಟ್ಟೆ, ಊಟ, ದಿನಚರಿಗಳ ಬಗ್ಗೆ ಕೆಲವು ಪ್ರಶ್ನೆ ಕೇಳಿ, "ಆಟಿಸಂ ಬಗ್ಗೆ ನಿಮ್ಮೊಡನೆ ಇದುವರೆಗೆ ಯಾರಾದರೂ ಮಾತಾಡಿದ್ದಾರೆಯೇ?" ಎಂದರು. 24 ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಆಟಿಸಂ ಇದೆಯೆಂದು ಹೇಳುವ ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಬಾಲ್ಯದಿಂದ ಇಂದಿನವರೆಗಿನ ನಡವಳಿಕೆಯನ್ನು ಕೇಳಿ, ನೋಡಿ, ತಜ್ಞರು ನಿರ್ಧರಿಸಬೇಕು. ಆದ್ದರಿಂದ ಆ ಪ್ರಶ್ನೆ ಹಿಡಿದು ನಾನು ಹೋದ ಮನಶ್ಶಾಸ್ತ್ರಜ್ಞೆ ನನ್ನ ಅಮ್ಮನನ್ನೂ ಕರೆತರಲು ಹೇಳಿದರು. ಅಮ್ಮನಿಗೆ ಮುಂಬಯಿಯಲ್ಲಿ 45 ವರ್ಷ ಕಳೆದಿದೆ, ಹಿಂದಿ ಚೆನ್ನಾಗಿಯೇ ಬರುತ್ತದೆ. ಆದರೆ ಮಗಳ ಬಾಲ್ಯದ ಮಾತು ಬಂದಾಗ ಅವರಿಗೆ ಕನ್ನಡವೇ ಬೇಕಾಯಿತು. ಅವರು ಹೇಳಿದ್ದನ್ನು ನಾನೇ ಹಿಂದಿಗೆ ತಿರುಗಿಸಿ ಹೇಳುತ್ತಿದ್ದೆ. ಜರಿಯ ಲಂಗ ಹಾಕಿದರೆ ಬಿಚ್ಚುವವರೆಗೆ ಅಳುತ್ತಿದ್ದಳು. ತಟ್ಟೆಯಲ್ಲಿ ಸಾಂಬಾರು ಹರಿದು ಪಲ್ಯಕ್ಕೆ ತಾಗಿದರೆ ಎದ್ದು ಹೋಗುತ್ತಿದ್ದಳು. ಶಾಲೆಗೆ ಒಂದು ದಿನ ಬೇರೆ ದಾರಿಯಲ್ಲಿ ಕರೆದೊಯ್ದರೆ ಅಂಗಡಿ ಮುಂದೆ ಕೂತುಬಿಟ್ಟಳು, ಹಿಂದಿರುಗಿ ಮೊದಲಿನ ದಾರಿಯಲ್ಲೇ ಹೋಗಬೇಕಾಯಿತು. ಪ್ರತಿ ವಾಕ್ಯದ ಕೊನೆಗೆ, "ಅಷ್ಟು ಹಠ ಇವಳಿಗೆ" ಎಂದು ಸೇರಿಸುತ್ತಿದ್ದರು. ನಾಲ್ಕನೆಯದೋ ಐದನೆಯದೋ ಘಟನೆ ಹೇಳುತ್ತಿದ್ದವರು ನಡುವೆಯೇ ನಿಲ್ಲಿಸಿ, ನನ್ನ ಮುಖ ನೋಡಿ, "ಹಾಗಾದರೆ ಅದು ಹಠ ಅಲ್ಲವಾ?" ಎಂದು ಕೇಳಿದರು. ಆ ಒಂದು ವಾಕ್ಯವನ್ನು ನಾನು ಹಿಂದಿಯಲ್ಲಿ ಹೇಳಲಿಲ್ಲ. ಮನಶ್ಶಾಸ್ತ್ರಜ್ಞೆಯೂ ಏನೆಂದು ಕೇಳಲಿಲ್ಲ.

ವೈದ್ಯರ ಮೇಲೆ ಸಿಟ್ಟಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಹಳ ದಿನ ಇತ್ತು. ಆಮೇಲೆ ಅವರು ಓದಿದ್ದೇನೆಂದು ನಾನೂ ಓದಿದೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವವರೆಂದು ವಿವರಿಸಿದ ಮಕ್ಕಳು 11 ಮಂದಿ, ಅವರಲ್ಲಿ ಎಂಟು ಗಂಡುಮಕ್ಕಳು. ಮರುವರ್ಷ ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್ ವಿವರಿಸಿದ್ದೂ ಹುಡುಗರನ್ನೇ. ಇವರಿಬ್ಬರಿಗೂ ಮೊದಲು, 1920ರ ದಶಕದಲ್ಲಿಯೇ, ಸೋವಿಯತ್ ವೈದ್ಯೆ ಗ್ರೂನ್ಯಾ ಸುಖರೇವಾ ಇಂತಹ ಹುಡುಗರ ಬಗ್ಗೆಯೂ ಬಳಿಕ ಹುಡುಗಿಯರ ಬಗ್ಗೆಯೂ ಬರೆದಿದ್ದರು, ಆದರೆ ಆ ಬರಹ ದಶಕಗಳ ಕಾಲ ಮರೆವಿಗೆ ಸಂದಿತ್ತು. ಸದ್ದು, ಬೆಳಕು, ಸ್ಪರ್ಶಗಳ ಅತಿಸಂವೇದನೆ ಅಮೆರಿಕದ ಮನೋವೈದ್ಯರ ಕೈಪಿಡಿಯ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ಅಂದರೆ 1998ರಲ್ಲಿ ನಾನು ಸದ್ದಿನ ಬಗ್ಗೆ ಎಷ್ಟು ದೂರಿದ್ದರೂ ಅದನ್ನು ಬರೆದುಕೊಳ್ಳಲು ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯ 21 ವರ್ಗಗಳಲ್ಲಿ ಸೇರಿತು. ಇದನ್ನೆಲ್ಲ ತಿಳಿದ ಮೇಲೆ ಸಿಟ್ಟು ಕಡಿಮೆಯಾಯಿತು. ಆದರೆ ನನ್ನ ಮಾತನ್ನು ಪೂರ್ತಿ ಕೇಳದೆ ಐದು ನಿಮಿಷದಲ್ಲಿ ಚೀಟಿ ಬರೆದವರನ್ನು ಕ್ಷಮಿಸಲು ಇದು ಸಾಲದು.

ಇಲ್ಲಿ ಪದದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಮರಾಠಿಯ ಫಾರಂಗಳಲ್ಲಿ ಸ್ವಮಗ್ನತೆ ಎಂದಿರುತ್ತದೆ. ತಾನು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಮೂಲ ಶಬ್ದಕ್ಕೆ ಎರಡೂ ನಿಷ್ಠವಾಗಿವೆ. ಆದರೂ ನನಗೆ ಅವು ಒಪ್ಪುವುದಿಲ್ಲ. ತನ್ನಲ್ಲಿ ತಾನು ಲೀನವಾಗುವ ಸುಖ ನನಗೆ ಸಿಕ್ಕಿದ್ದು ಅಪರೂಪ. ಹೊರಗಿನ ಜಗತ್ತು ತಡೆಯಿಲ್ಲದೆ, ಒಟ್ಟಿಗೇ ಒಳನುಗ್ಗುವುದೇ ನನ್ನ ತೊಂದರೆ. ಅದಕ್ಕಾಗಿ ಆಟಿಸ್ಟಿಕ್ ಎಂಬ ಪರಕೀಯ ಪದವನ್ನೇ ಬಳಸುತ್ತೇನೆ. "ಆಟಿಸಂ ಇದೆ" ಎನ್ನದೆ "ಆಟಿಸ್ಟಿಕ್" ಎನ್ನುವುದಕ್ಕೂ ಕಾರಣವಿದೆ. ಇದು ಬಂದುಹೋಗುವ ಜ್ವರವಲ್ಲ, ನಾನು ಕನ್ನಡದವಳಾಗಿರುವಂತೆ ಇದೂ ನಾನಿರುವ ರೀತಿ.

ಈಗ ಉಪಯೋಗದ ಮಾತಿಗೆ ಬರುತ್ತೇನೆ. ಹೊಸ ಮನೋವೈದ್ಯರು ಹಳೆಯ ಕಡತಗಳನ್ನೆಲ್ಲ ಓದಿ, ತಿಂಗಳುಗಟ್ಟಲೆ ಗಮನಿಸುತ್ತ, ಲಿಥಿಯಂ ಅನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಆತಂಕ ನಿಜವಾಗಿಯೂ ಇದೆ, ಅದರ ಚಿಕಿತ್ಸೆ ಮುಂದುವರಿದಿದೆ. ಆದರೆ ಎಲ್ಲಕ್ಕಿಂತ ಮುಖ್ಯವಾಗಿ ಬದಲಾದದ್ದು ಪ್ರಶ್ನೆ. ಮೊದಲು ನಾನು ಕುಸಿದಾಗಲೆಲ್ಲ "ಹೀಗೇಕೆ ಮಾಡುತ್ತೀ, ಮನಸ್ಸಿನಲ್ಲಿ ಏನಿದೆ?" ಎಂದು ಎಲ್ಲರೂ ಕೇಳುತ್ತಿದ್ದರು; ನಾನೂ ನನ್ನನ್ನೇ ಕೇಳಿಕೊಂಡು, ಇಲ್ಲದ ಕಾರಣಗಳನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಈಗ ಕೇಳಿಕೊಳ್ಳುವುದು ಬೇರೆ: ಇವತ್ತು ಎಷ್ಟು ಗಂಟೆ ಸದ್ದಿನಲ್ಲಿದ್ದೆ, ಎಷ್ಟು ಜನರೊಡನೆ ಮಾತಾಡಿದೆ, ಕಾರ್ಯಕ್ರಮ ಕೊನೆ ಗಳಿಗೆಯಲ್ಲಿ ಬದಲಾಯಿತೇ? ಇವಕ್ಕೆ ಉತ್ತರವಿರುತ್ತದೆ, ಉಪಾಯವೂ ಇರುತ್ತದೆ. ಜನಸಂದಣಿಗೆ ಮುಂಚಿನ ರೈಲು ಹಿಡಿಯುತ್ತೇನೆ, ಕಿವಿಗೆ ಬಿರಡೆ ಹಾಕಿಕೊಳ್ಳುತ್ತೇನೆ, ಕಚೇರಿಯಲ್ಲಿ ಮುದ್ರಣ ಯಂತ್ರದ ಪಕ್ಕದಿಂದ ಮೂಲೆಯ ಮೇಜಿಗೆ ಹೋಗಿದ್ದೇನೆ. ಕುಸಿತ ನಿಂತಿಲ್ಲ. ಬಂದಾಗ ಕತ್ತಲ ಕೋಣೆಯಲ್ಲಿ ಮಲಗುತ್ತೇನೆ, ಮರುದಿನ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

"ನಿಮ್ಮನ್ನು ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲವಲ್ಲ" ಎಂದು ಮೆಚ್ಚಿ ಹೇಳುವವರಿಗೆ ಹೇಳಬೇಕಾದದ್ದು ಇದು. ಅನ್ನಿಸದಂತೆ ನಾನು ಮೂವತ್ತು ವರ್ಷ ದುಡಿದಿದ್ದೇನೆ. ಕಣ್ಣಿನ ಬದಲು ಹುಬ್ಬುಗಳ ನಡುವೆ ನೋಡುವುದನ್ನು, ಬೇರೆಯವರು ನಕ್ಕ ಮೇಲೆ ಎಷ್ಟು ಹೊತ್ತಿಗೆ ನಗಬೇಕೆಂಬುದನ್ನು, ರೈಲಿನಲ್ಲಿ ನಿಂತು ಮರುದಿನದ ಸಭೆಯ ಮಾತುಗಳನ್ನು ನಾಲ್ಕು ನಾಲ್ಕು ಸಲ ಮನಸ್ಸಿನಲ್ಲಿ ಆಡಿ ನೋಡುವುದನ್ನು ಕಲಿತದ್ದು ಹಾಗೆ. 1998ರ ಆ ಎರಡು ವಾರ ನನ್ನನ್ನು ಕೆಡವಿದ್ದು ಈ ದುಡಿಮೆಯ ದಣಿವೇ ಎಂದು ಈಗ ತಿಳಿಯುತ್ತದೆ. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಆಟಿಸ್ಟಿಕ್ ವಿದ್ವಾಂಸರು, ನಮ್ಮಂಥವರಿಗೆ ಇತರರು ಅರ್ಥವಾಗದಿರುವಂತೆಯೇ ಇತರರಿಗೂ ನಾವು ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆಯದು ಎಂದು ವಾದಿಸಿದರು. ಎರಡು ಕೈ ಸೇರಿದರೆ ಚಪ್ಪಾಳೆ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ನನ್ನ ವಿಷಯದಲ್ಲಿ ಮಾತ್ರ ಒಂದೇ ಕೈ ಇಷ್ಟು ವರ್ಷ ಗಾಳಿಯಲ್ಲಿ ಬೀಸುತ್ತಿತ್ತು.

ಮೂರನೆಯ ಪುಸ್ತಕವನ್ನು ಕಳೆದ ವರ್ಷ ಕಪಾಟಿನಿಂದ ತೆಗೆದೆ. ಹನ್ನೊಂದನೆಯ ಪುಟದ ನಡುಗಿದ ಗೆರೆಗಳನ್ನು ಹಾಗೆಯೇ ಬಿಟ್ಟು ಹನ್ನೆರಡರಿಂದ ಮುಂದುವರಿಸಿದ್ದೇನೆ. ರಾತ್ರಿ ಹನ್ನೊಂದಕ್ಕೆ ಮುಚ್ಚಿಡುತ್ತೇನೆ, ಏಕೆಂದರೆ ನಿದ್ದೆ ನನಗೂ ಬೇಕು.

ಹೋದ ತಿಂಗಳು ಚಿಕ್ಕಮ್ಮನ ಮೊಮ್ಮಗಳ ಮದುವೆಗೆ ಅಮ್ಮನೂ ನಾನೂ ಹೋಗಿದ್ದೆವು. ಚಿಕ್ಕವಳಿದ್ದಾಗಿನಿಂದ ನನಗೆ ಗಟ್ಟಿಮೇಳವೆಂದರೆ ಎದೆ ಒಡೆದಂತಾಗುತ್ತದೆ. ಆಗೆಲ್ಲ ಅಮ್ಮ ನನ್ನ ತೋಳು ಹಿಡಿದು, ಜನ ನೋಡುತ್ತಾರೆ, ಸುಮ್ಮನೆ ನಿಲ್ಲು ಎಂದು ಗದರುತ್ತಿದ್ದರು. ಈ ಸಲ ಮುಹೂರ್ತ ಹತ್ತಿರವಾದಾಗ ಅವರೇ ತಿರುಗಿ ನೋಡಿ ಬಾಗಿಲ ಕಡೆಗೆ ಕಣ್ಣು ತೋರಿಸಿದರು. ನಾನು ಅಕ್ಷತೆಯನ್ನು ಅವರ ಕೈಗೆ ಕೊಟ್ಟು ಹೊರಗೆ ಹೋದೆ. ಎಲ್ಲಿಗೆ ಹೊರಟಳು ಇವಳು, ಇಂಥ ಹೊತ್ತಿನಲ್ಲಿ, ಎಂದು ಚಿಕ್ಕಮ್ಮ ಕೇಳಿದ್ದು ಬೆನ್ನಹಿಂದೆ ಕೇಳಿಸಿತು. "ಅವಳಿಗೆ ಸದ್ದು ಆಗುವುದಿಲ್ಲ. ಅವಳ ಪಾಲಿನದನ್ನೂ ನಾನೇ ಹಾಕುತ್ತೇನೆ" ಎಂದರು ಅಮ್ಮ.