ಸೋಲಾರ್ ಪಾರ್ಕಿಗೆ ಊರವರನ್ನು ಹೇಗೆ ಒಪ್ಪಿಸ್ತೀರಿ?

ಹಳ್ಳಿ ಪಕ್ಕದ ಜಮೀನಿನಲ್ಲಿ ಸೋಲಾರ್ ಪಾರ್ಕ್ ಮಾಡಬೇಕು ಅಂದಾಗ, ಮೊದಲು ಹೋಗಿ ಊರವರ ಜೊತೆ ಮಾತಾಡುವುದು ನನ್ನ ಕೆಲಸ. ಇದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಊರವರನ್ನು ಹೇಗೆ ಒಪ್ಪಿಸ್ತೀರಿ?"

ಒಪ್ಪಿಸಬೇಕು ಅಂತ ಹೊರಟರೆ ಅಲ್ಲಿಗೇ ಕೆಲಸ ಕೆಟ್ಟಿತು. ನಕ್ಷೆ ಮುಗಿಯುವ ಮೊದಲು ಊರಿಗೆ ಹೋಗಬೇಕು. ನನ್ನ ಉತ್ತರ ಇಷ್ಟೇ. ಆದರೆ ಇದನ್ನು ನಾನು ಕಲಿತದ್ದು ತಪ್ಪು ಮಾಡಿದ ಮೇಲೆ.

ಆ ಸಭೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ದೊಡ್ಡ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದೆವು. ಬೇಲಿ ಬರುವ ಕಡೆ ದಪ್ಪನೆಯ ಕೆಂಪು ಗೆರೆ. ನಾನು ಮೆಗಾವ್ಯಾಟ್ ಲೆಕ್ಕ ಹೇಳುತ್ತಿದ್ದೆ. ಹಿಂದೆ ಕೂತಿದ್ದ ಹೆಂಗಸೊಬ್ಬರು ಎದ್ದು ಬಂದರು. ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಅಡ್ಡಕ್ಕೆ, ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಎಳೆದರು. "ನಾವು ದಿನಾ ಓಡಾಡೋ ದಾರಿ ಇದು. ನಿಮ್ಮ ಕಾಗದದಲ್ಲಿ ಎಲ್ಲಿದೆ?"

ಇರಲಿಲ್ಲ. ಅದು ಕಾಲುದಾರಿ, ದಾಖಲೆಯಲ್ಲಿ ಇರಲಿಲ್ಲ. ನಾವು ದಾಖಲೆ ನೋಡಿದ್ದೆವೇ ಹೊರತು ನೆಲ ನೋಡಿರಲಿಲ್ಲ. ಅಷ್ಟರಲ್ಲಿ ವಿನ್ಯಾಸವೂ ಮುಗಿದಿತ್ತು, ಬದಲಿಸುವ ಅಧಿಕಾರ ನನಗಿರಲಿಲ್ಲ. ಆಮೇಲೆ ನಾನು ಏನು ಹೇಳಿದರೂ ಯಾರೂ ಕೇಳಲಿಲ್ಲ. ಯಾಕೆ ಕೇಳಬೇಕು?

ಈಗ ನಾನು ಪೆನ್ಸಿಲ್ ಗೆರೆಯ ನಕ್ಷೆ ಹಿಡಿದು ಹೋಗುತ್ತೇನೆ. ಸಭೆಗೆ ಮೊದಲು ಊರವರ ಜೊತೆ ಆ ಜಾಗವನ್ನೆಲ್ಲ ನಡೆಯುತ್ತೇನೆ. ಜಾಗ ಸಣ್ಣದಲ್ಲ. ಒಂದು ಮೆಗಾವ್ಯಾಟ್‌ಗೆ ಸುಮಾರು 4ರಿಂದ 5 ಎಕರೆ ಬೇಕು. 50 ಮೆಗಾವ್ಯಾಟ್ ಅಂದರೆ 200ರಿಂದ 250 ಎಕರೆ. ಅಷ್ಟು ನೆಲಕ್ಕೆ ಬೇಲಿ ಬಿದ್ದರೆ ಯಾರ ದಿನಚರಿ ಬದಲಾಗುತ್ತೆ ಅನ್ನುವುದು ನಡೆದರೆ ಮಾತ್ರ ಗೊತ್ತಾಗುತ್ತೆ.

ಜಮೀನು ಇದ್ದವರಿಗೆ ಬಾಡಿಗೆ ಬರುತ್ತದೆ, ಅವರು ಸಭೆಗೂ ಬರುತ್ತಾರೆ. ಅದೇ ಜಮೀನಿನಲ್ಲಿ ಕೂಲಿ ಮಾಡುವವರು? ಕುರಿ ಮೇಯಿಸುವವರು? ಅವರ ಸಹಿ ಯಾವ ಕಾಗದಕ್ಕೂ ಬೇಕಾಗಿಲ್ಲ, ಹಾಗಾಗಿ ಅವರನ್ನು ಯಾರೂ ಕರೆಯುವುದಿಲ್ಲ. ಜಾಸ್ತಿ ಕಳೆದುಕೊಳ್ಳುವವರು ಅವರೇ, ಅಲ್ವಾ? ನಾನು ಮೊದಲು ಅವರ ಮನೆಗೆ ಹೋಗುತ್ತೇನೆ. ಕುರಿಗಳನ್ನು ಪ್ಯಾನೆಲ್ ಕೆಳಗೇ ಮೇಯಿಸಬಹುದು. ಎಷ್ಟೋ ದೇಶಗಳಲ್ಲಿ ಹಾಗೆ ಮಾಡುತ್ತಾರೆ, ಹುಲ್ಲು ಕತ್ತರಿಸುವ ಖರ್ಚೂ ಉಳಿಯುತ್ತದೆ. ಆದರೆ ಪ್ಯಾನೆಲ್‌ನ ಕೆಳ ಅಂಚು ಕುರಿಯ ಬೆನ್ನಿಗಿಂತ ಎತ್ತರದಲ್ಲಿ ಇರಬೇಕು, ಅದನ್ನು ವಿನ್ಯಾಸ ಮಾಡುವಾಗಲೇ ಹೇಳಬೇಕು. ಆಡಿಗೆ ಮಾತ್ರ ಆಗುವುದಿಲ್ಲ. ಅದು ಪ್ಯಾನೆಲ್ ಹತ್ತುತ್ತದೆ, ವೈರ್ ಕಡಿಯುತ್ತದೆ.

ಕಹಿ ಮಾತನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಕಟ್ಟುವ ತಿಂಗಳುಗಳಲ್ಲಿ ಕೆಲಸ ಬಹಳ. ಆಮೇಲೆ ಕಾವಲು, ಬೆಳೆದ ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು, ಇಷ್ಟೇ. ಅದಕ್ಕೆ ಸ್ವಲ್ಪ ಜನ ಸಾಕು. "ಊರಿಗೆಲ್ಲ ಕೆಲಸ" ಅಂತ ಆಸೆ ಹುಟ್ಟಿಸುವುದು ಮೋಸ. ಇನ್ನೊಂದು, ಪಕ್ಕದಲ್ಲೇ ಕರೆಂಟ್ ತಯಾರಾದರೂ ಅದು ಸಬ್‌ಸ್ಟೇಷನ್‌ಗೆ ಹೋಗಿ ಗ್ರಿಡ್, ಅಂದರೆ ಎಲ್ಲ ಕಡೆಗೂ ಕರೆಂಟ್ ಸಾಗಿಸುವ ಜಾಲ, ಸೇರುತ್ತದೆ. ಸುಮ್ನೆ ಪಾರ್ಕ್ ಬಂತು ಅಂತ ಊರಿನ ಪವರ್ ಕಟ್ ನಿಲ್ಲುವುದಿಲ್ಲ. ಇದನ್ನು ಹೇಳಿದಾಗ ಮುಖಗಳು ಸಪ್ಪಗಾಗುತ್ತವೆ. ಆದರೂ ಹೇಳಲೇಬೇಕು.

ಪ್ಯಾನೆಲ್‌ನಿಂದ ವಿಕಿರಣ ಬರುತ್ತದೆ ಅನ್ನುವ ಭಯಕ್ಕೆ ಆಧಾರವಿಲ್ಲ. ಮಳೆ ನೀರಿನ ಚಿಂತೆ ಮಾತ್ರ ನಿಜ. ಪ್ಯಾನೆಲ್ ಮೇಲೆ ಬಿದ್ದ ನೀರೆಲ್ಲ ಕೆಳ ಅಂಚಿನಿಂದ ಒಂದೇ ಸಾಲಿನಲ್ಲಿ ಸುರಿಯುತ್ತದೆ. ನೆಲ ಬೋಳಾಗಿದ್ದರೆ ಮಣ್ಣು ಕೊಚ್ಚಿಕೊಂಡು ಪಕ್ಕದ ಹೊಲಕ್ಕೆ ಹೋಗುತ್ತದೆ. ಹುಲ್ಲು ಇದ್ದರೆ ನೀರು ಇಂಗುತ್ತದೆ. ಅದಕ್ಕೇ ಹುಲ್ಲು ಉಳಿಸುವ ಮಾತು ಕರಾರಿನಲ್ಲಿ ಬರೆದಿರಬೇಕು.

ಪ್ಯಾನೆಲ್‌ಗಳ ಆಯಸ್ಸು 25ರಿಂದ 30 ವರ್ಷ. ಆಮೇಲೆ ತೆಗೆಯುವವರು ಯಾರು? ಇವತ್ತು ಸಹಿ ಮಾಡಿದ ಕಂಪನಿ ಅಷ್ಟರಲ್ಲಿ ಎರಡು ಮೂರು ಕೈ ಬದಲಾಗಿರಬಹುದು. ತೆಗೆಯುವ ಖರ್ಚಿನ ಹಣವನ್ನು ಮೊದಲೇ ಬೇರೆ ಖಾತೆಯಲ್ಲಿ ಇಡಿಸಿ ಅಂತ ನಾನು ಊರವರಿಗೇ ಹೇಳುತ್ತೇನೆ. ನನ್ನನ್ನು ಕಳಿಸಿದವರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ.

"ಇಷ್ಟೆಲ್ಲ ಆದಮೇಲೂ ಬೇಡ ಅಂದ್ರೆ?" ಅಂತ ಕೇಳುತ್ತಾರೆ. ಬೇಡ ಅಂದರೆ ಬೇಡ. ಕಳೆದ ಸಲ ಒಂದು ಊರಿನವರು ಕೆರೆ ಪಕ್ಕದ ಜಾಗ ಕೊಡುವುದಿಲ್ಲ ಅಂದರು. ನಕ್ಷೆ ಮಡಚಿ ಎದ್ದೆ. ವಾರ ಬಿಟ್ಟು ಅವರೇ ಫೋನ್ ಮಾಡಿದರು, ಗುಡ್ಡದ ಆಚೆ ಕಲ್ಲು ನೆಲ ಇದೆ, ಒಮ್ಮೆ ಬಂದು ನೋಡಿ ಅಂತ. ಈಗ ಅಲ್ಲಿ ನಡೆಯುತ್ತಿದ್ದೇವೆ. ನಕ್ಷೆಯಲ್ಲಿ ಇನ್ನೂ ಒಂದು ಗೆರೆಯೂ ಬಿದ್ದಿಲ್ಲ.